ಗೋಡೆಯ ಮೇಲಿನ ತಕ್ಕಡಿ

ನಮ್ಮ ಮನೆಯ ಹಾಲ್‌ನಲ್ಲಿ, ಟಿ.ವಿ.ಯ ಮೇಲ್ಗಡೆ ಒಂದು ಕಪ್ಪು-ಬಿಳುಪು ಫೋಟೊ ಇದೆ. ಮಡಿಕೇರಿಯ ಮಹದೇವಪೇಟೆ. ಇಳಿಜಾರಿನ ರಸ್ತೆ, ಎರಡೂ ಬದಿಗೆ ಹೆಂಚಿನ ಅಂಗಡಿಗಳು, ಹಿಂದೆ ಒಂದು ಗುಡ್ಡ, ಗುಡ್ಡದ ಅರ್ಧ ನುಂಗಿರುವ ಮಂಜು. ಕಂಬಳಿ ಹೊದ್ದ ನಾಲ್ಕೈದು ಜನ ಅಂಗಡಿ ಕಟ್ಟೆಯ ಹತ್ತಿರ ನಿಂತಿದ್ದಾರೆ. ಫೋಟೊದ ಹಿಂದೆ ಪೆನ್ಸಿಲ್‌ನಲ್ಲಿ, ಇಂಗ್ಲಿಷಿನಲ್ಲಿ 'ಮರ್ಕೇರಾ' ಎಂದು ಯಾರೋ ಬರೆದಿದ್ದಾರೆ. ತೆಗೆದವರ ಹೆಸರಿಲ್ಲ, ತಾರೀಕಿಲ್ಲ. ಅಜ್ಜನ ಟ್ರಂಕಿನಲ್ಲಿತ್ತು. ಅಪ್ಪನಿಗೆ ಬಂತು, ಅಪ್ಪನಿಂದ ನನಗೆ ಬಂತು.

ನಾನಿರುವುದು ಪರವಾಡದಲ್ಲಿ. ಮೊದಲು ವಿಶಾಖಪಟ್ಟಣ ಜಿಲ್ಲೆ, 2022ರ ಏಪ್ರಿಲ್‌ನಿಂದ ಅನಕಾಪಲ್ಲಿ ಜಿಲ್ಲೆ. ಫಾರ್ಮಾ ಸಿಟಿಯ ಒಂದು ಕಾರ್ಖಾನೆಯಲ್ಲಿ ಗುಣಮಟ್ಟ ವಿಭಾಗದ ಕೆಲಸ. ಸಮುದ್ರ ಹತ್ತಿರವಿದ್ದರೂ ಗಾಳಿ ತಂಪಲ್ಲ, ಅಂಟುಗಾಳಿ. ಬೇಸಿಗೆಯಲ್ಲಿ ಬೆಳಿಗ್ಗೆ ಎಂಟಕ್ಕೇ ಅಂಗಿ ಬೆನ್ನಿಗಂಟುತ್ತದೆ. ಟೆರೇಸಿಗೆ ಹೋದರೆ ಸಿಂಹಾದ್ರಿ ವಿದ್ಯುತ್ ಸ್ಥಾವರದ ಚಿಮಣಿಗಳು ಕಾಣುತ್ತವೆ. ಇಂಥ ಜಾಗದಲ್ಲಿ ಕೂತು ಮಂಜು ಕವಿದ ರಸ್ತೆಯ ಫೋಟೊ ನೋಡುವುದರಲ್ಲಿ ಒಂದು ಸುಖವಿದೆ, ಅದನ್ನು ಅಲ್ಲಗಳೆಯುವುದಿಲ್ಲ. ಮನೆಗೆ ಬಂದ ಸಹೋದ್ಯೋಗಿಗಳೆಲ್ಲ ಫೋಟೊ ನೋಡಿ, 'ಮೀ ಊರು ಊಟೀ ಲಾಗಾ ಉಂದಿ ಸಾರ್' ಎನ್ನುತ್ತಾರೆ. ನಿಮ್ಮೂರು ಊಟಿ ಥರಾ ಇದೆ ಅಂತ. ಮೊದಮೊದಲು ತಿದ್ದುತ್ತಿದ್ದೆ. ಈಗ ನಗುತ್ತೇನೆ.

ಈ ಫೋಟೊದ ಬಗ್ಗೆ ನಮ್ಮ ಮನೆಯಲ್ಲಿ ಮೂರು ನಂಬಿಕೆಗಳಿದ್ದವು. ಒಂದು, ಅದು ಬ್ರಿಟಿಷರ ಕಾಲದ್ದು. ಎರಡು, ಮಂಜಿದೆ ಎಂದರೆ ಮಳೆಗಾಲದಲ್ಲಿ ತೆಗೆದದ್ದು. ಮೂರು, ಎಡಗಡೆಯ ಗೋಡೆಯ ಮೇಲೆ ಸುಣ್ಣದಲ್ಲೋ ಬಣ್ಣದಲ್ಲೋ ಬರೆದಿರುವ ತಕ್ಕಡಿಯ ಚಿತ್ರ ಅಜ್ಜನ ದಿನಸಿ ಅಂಗಡಿಯ ಗುರುತು. ಅದರ ಪಕ್ಕದಲ್ಲೇ ಅರ್ಧ ಅಳಿಸಿದ ಒಂದು ಜೋಡೆತ್ತಿನ ಚಿತ್ರವೂ ಇದೆ. ಅದು ಹಿಂಡಿ-ಬೂಸಾ ಮಾರುವವರ ಜಾಹೀರಾತು ಎಂದು ಅಪ್ಪ ಹೇಳುತ್ತಿದ್ದರು. ನಾವು ನಂಬಿದ್ದೆವು. ಅಪ್ಪ ಆಗ ತೊಟ್ಟಿಲಲ್ಲಿದ್ದವರು, ಅವರಿಗಾದರೂ ಹೇಗೆ ಗೊತ್ತಿರಬೇಕು?

ಮೂರೂ ತಪ್ಪು ಎಂದು ಗೊತ್ತಾದದ್ದು ಈ ವರ್ಷ, ಅದೂ ರಾಜ್ಯೋತ್ಸವದ ನೆಪದಲ್ಲಿ.

ವಿಶಾಖಪಟ್ಟಣದಲ್ಲಿ ನಾವು ಕೆಲವು ಕನ್ನಡದ ಕುಟುಂಬಗಳು ನವೆಂಬರ್‌ನ ಒಂದು ಭಾನುವಾರ ಸೇರುತ್ತೇವೆ. ಬ್ಯಾಂಕಿನವರು, ನೌಕಾಪಡೆಯವರು, ಉಕ್ಕಿನ ಕಾರ್ಖಾನೆಯವರು, ನಮ್ಮಂಥ ಔಷಧದವರು. ಬಾವುಟ, ನಾಡಗೀತೆ, ಮಕ್ಕಳ ಹಾಡು, ಬಿಸಿಬೇಳೆಬಾತು. ಈ ಸಲ 'ನಮ್ಮೂರ ಹಳೆಯ ಫೋಟೊ' ಎಂಬ ಪ್ರದರ್ಶನ ಇಡೋಣ ಎಂದು ತೀರ್ಮಾನವಾಯಿತು. ಧಾರವಾಡದವರು ಒಂದು, ಮಂಗಳೂರಿನವರು ಒಂದು, ಬಳ್ಳಾರಿಯವರು ಒಂದು ಕೊಟ್ಟರು. ನನ್ನದನ್ನು 'ಬ್ರಿಟಿಷರ ಕಾಲದ ಮರ್ಕೇರಾ, ಮಳೆಗಾಲದ ಒಂದು ಬೆಳಗು' ಎಂಬ ಶೀರ್ಷಿಕೆ ಹಾಕಿ ವಾಟ್ಸ್‌ಆ್ಯಪ್ ಗುಂಪಿಗೆ ಕಳಿಸಿದೆ. ಹೃದಯ, ಚಪ್ಪಾಳೆ ಎಲ್ಲ ಬಂದವು. ಅದನ್ನೇ ಮಡಿಕೇರಿಯಲ್ಲಿರುವ ದೊಡ್ಡಪ್ಪನಿಗೂ ಕಳಿಸಿದೆ. ಅವರಿಗೆ 84 ವರ್ಷ, ನಿವೃತ್ತ ಮೇಷ್ಟ್ರು, ಕಣ್ಣು ಇನ್ನೂ ಚೆನ್ನಾಗಿದೆ. ಹತ್ತು ನಿಮಿಷದಲ್ಲಿ ಫೋನ್ ಬಂತು.

'ಮಳೆಗಾಲ ಅಂತ ಯಾರು ಹೇಳಿದ್ದು ನಿಂಗೆ?'

'ಮಂಜಿದೆಯಲ್ಲ ದೊಡ್ಡಪ್ಪ.'

'ಮಂಜು ಜನವರೀಲಿ ಇರಲ್ವಾ? ಫೋಟೊದಲ್ಲಿ ಎಷ್ಟು ಕೊಡೆ ಇದೆ ಎಣಿಸು.'

ಎಣಿಸಿದೆ. ಒಂದೂ ಇಲ್ಲ. ಮಡಿಕೇರಿಯ ಜೋರು ಮಳೆಗಾಲದಲ್ಲಿ ಕೊಡೆಯಿಲ್ಲದೆ ಮಹದೇವಪೇಟೆಯಲ್ಲಿ ಹರಟೆ ಹೊಡೆಯುತ್ತ ನಿಂತವರನ್ನು ಯಾರೂ ನೋಡಿಲ್ಲ. ನಲವತ್ತು ವರ್ಷ ಈ ಫೋಟೊ ನೋಡಿದ್ದೇನೆ. ಇಷ್ಟು ಹೊಳೆದಿರಲಿಲ್ಲ.

'ಆ ತಕ್ಕಡಿ ನಿಮ್ಮಜ್ಜನ ಅಂಗಡಿಯದ್ದಲ್ಲ ಮಗಾ. ಓಟಿನ ಗುರುತು ಅದು. ಐವತ್ತೆರಡರ ಓಟು.'

ಇಲ್ಲಿ ಸ್ವಲ್ಪ ಚರಿತ್ರೆ ಹೇಳಬೇಕು. ಕೊಡಗಿನವರಲ್ಲದ ಓದುಗರಿಗೆ ಇದು ಹೊಸದಿರಬಹುದು. ಕೊಡಗಿನ ನಮ್ಮ ತಲೆಮಾರಿನವರಿಗೂ ಹೊಸದೇ ಎಂಬುದು ಬೇರೆ ಮಾತು. 1834ರಲ್ಲಿ ಬ್ರಿಟಿಷರು ಚಿಕ್ಕವೀರರಾಜೇಂದ್ರನನ್ನು ಇಳಿಸಿದ ಮೇಲೆ ಕೊಡಗು ಮೈಸೂರಿಗಾಗಲಿ ಮದ್ರಾಸಿಗಾಗಲಿ ಸೇರದೆ ಪ್ರತ್ಯೇಕವಾಗಿಯೇ ಆಳಿಸಿಕೊಂಡಿತು. ಸ್ವಾತಂತ್ರ್ಯ ಬಂದ ಮೇಲೂ ಅದು ಬೇರೆಯೇ ರಾಜ್ಯ. 1951ರ ಜನಗಣತಿಯಲ್ಲಿ ಅದರ ಜನಸಂಖ್ಯೆ ಸುಮಾರು 2.3 ಲಕ್ಷ, ಇವತ್ತಿನ ಬೆಂಗಳೂರಿನ ಒಂದು ವಿಧಾನಸಭಾ ಕ್ಷೇತ್ರದಲ್ಲಿ ಅದಕ್ಕಿಂತ ಹೆಚ್ಚು ಮತದಾರರೇ ಇರುತ್ತಾರೆ. ಆ ಪುಟ್ಟ ರಾಜ್ಯಕ್ಕೂ 24 ಸ್ಥಾನಗಳ ವಿಧಾನಸಭೆ. 1952ರ ಚುನಾವಣೆಯಲ್ಲಿ ಊರೂರಿನಲ್ಲೂ ಎದ್ದ ಪ್ರಶ್ನೆ ಒಂದೇ: ಮೈಸೂರಿನ ಜೊತೆ ಸೇರುವುದೋ, ನಾವೇ ಇರುವುದೋ?

ಸೇರಬೇಕೆಂದವರು ಸಿ.ಎಂ. ಪೂಣಚ್ಚನವರ ಕಾಂಗ್ರೆಸ್, ಗುರುತು ಜೋಡೆತ್ತು. ಬೇಡವೆಂದವರು ಪಂದ್ಯಂಡ ಬೆಳ್ಯಪ್ಪನವರ ಕಡೆಯವರು, ಗುರುತು ತಕ್ಕಡಿ. ಬೆಳ್ಯಪ್ಪನವರೂ ಗಾಂಧಿವಾದಿ, ಸ್ವಾತಂತ್ರ್ಯ ಹೋರಾಟಗಾರರು. ಪೂಣಚ್ಚನವರೂ ಅದೇ ಹೋರಾಟದವರು. ಒಂದೇ ಮನೆಯ ಜಗಳ. ಆ ಪಕ್ಷಕ್ಕೆ ಊರಲ್ಲಿ ಉಳಿದ ಹೆಸರೇ 'ತಕ್ಕಡಿ ಪಾರ್ಟಿ'. ಆ ಚುನಾವಣೆಯಲ್ಲಿ ಗುರುತಿಗೆ ಇವತ್ತಿಗಿಂತ ತೂಕ ಹೆಚ್ಚು. ದೇಶದಲ್ಲಿ ನೂರಕ್ಕೆ ಇಪ್ಪತ್ತು ಜನಕ್ಕೂ ಓದು ಬರುತ್ತಿರಲಿಲ್ಲ. ಪ್ರತಿ ಅಭ್ಯರ್ಥಿಗೂ ಬೇರೆ ಬೇರೆ ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಗುರುತಿನ ಚಿತ್ರ. ಚೀಟಿಯನ್ನು ಬೇಕಾದ ಪೆಟ್ಟಿಗೆಯಲ್ಲಿ ಹಾಕಿ ಬರುವುದು. ಹಾಗಾಗಿ ಗೋಡೆಯ ಮೇಲೆ ಹೆಸರು ಬರೆಯುವುದಕ್ಕಿಂತ ಎತ್ತು ಬರೆಯುವುದು, ತಕ್ಕಡಿ ಬರೆಯುವುದು ಮುಖ್ಯವಾಗಿತ್ತು. ಫಲಿತಾಂಶ: ಕಾಂಗ್ರೆಸ್ 15, ತಕ್ಕಡಿಯವರು 9. ಪೂಣಚ್ಚ ಮುಖ್ಯಮಂತ್ರಿ. (ಮುಂದೆ ಅವರು ಕೇಂದ್ರದ ರೈಲ್ವೆ ಮಂತ್ರಿಯೂ ಆದರು. ಅವರ ಊರಿಗೆ ಇವತ್ತಿಗೂ ರೈಲಿಲ್ಲ.) 1955ರಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗ ಕೊಡಗನ್ನು ಕನ್ನಡದ ರಾಜ್ಯಕ್ಕೆ ಸೇರಿಸಿ ಎಂದಿತು. 1956ರ ನವೆಂಬರ್ 1ರಂದು ಕೊಡಗು ರಾಜ್ಯ ಹೋಗಿ ಕೊಡಗು ಜಿಲ್ಲೆ ಬಂತು.

ಅಂದರೆ ನಮ್ಮ ಹಾಲ್‌ನಲ್ಲಿರುವುದು ಮಳೆಗಾಲದ ನೆಮ್ಮದಿಯ ಫೋಟೊ ಅಲ್ಲ. ಚುನಾವಣೆಯ ಕಾವಿನಲ್ಲಿರುವ ಒಂದು ಬೀದಿಯ ಫೋಟೊ. ಕಂಬಳಿ ಹೊದ್ದು ನಿಂತವರು ಮಂಜು ನೋಡುತ್ತಿಲ್ಲ, ಬಹುಶಃ ವಾದ ಮಾಡುತ್ತಿದ್ದಾರೆ. ಒಬ್ಬನ ಕೈ ಗಾಳಿಯಲ್ಲಿದೆ. ಅದನ್ನು ನಾನು ಇಷ್ಟು ವರ್ಷ 'ಆರಾಮಾಗಿ ಮಾತಾಡ್ತಿದಾರೆ' ಎಂದು ಓದಿಕೊಂಡಿದ್ದೆ.

ಯಾಕೆ ಹಾಗೆ ಓದಿಕೊಂಡೆ ಎಂದು ಯೋಚಿಸಿದರೆ, ಬೆಟ್ಟದೂರಿನ ಫೋಟೊ ಎಂದರೆ ಹೀಗೇ ಇರಬೇಕು ಎಂಬ ಅಚ್ಚು ನಮ್ಮ ತಲೆಯಲ್ಲಿ ಮೊದಲೇ ಇದೆ. ಸ್ಯಾಮ್ಯುಯೆಲ್ ಬೋರ್ನ್ 1863ರಲ್ಲಿ ಭಾರತಕ್ಕೆ ಬಂದು ಶಿಮ್ಲಾದ ಫೋಟೊಗಳನ್ನು ತೆಗೆದ ಕಾಲದಿಂದ ಬೆಟ್ಟದೂರುಗಳನ್ನು ತೋರಿಸುವ ರೀತಿ ಒಂದೇ: ಖಾಲಿ ರಸ್ತೆ, ಒಂದು ಗೋಪುರ, ದೂರದಲ್ಲಿ ಮಂಜು. ಆ ಖಾಲಿತನದಲ್ಲೂ ಅರ್ಧ ಕ್ಯಾಮೆರಾದ ಮಿತಿ. ಅಂದಿನ ಫೋಟೊಗೆ ಬೆಳಕು ಬೀಳಲು ಹಲವು ಸೆಕೆಂಡು ಬೇಕು, ನಡೆದಾಡುವವರು ಅಚ್ಚಾಗುವುದೇ ಇಲ್ಲ. 1838ರಲ್ಲಿ ಡಾಗೇರ್ ಪ್ಯಾರಿಸ್‌ನ ಒಂದು ದೊಡ್ಡ ಬೀದಿಯ ಫೋಟೊ ತೆಗೆದಾಗ ಗಿಜಿಗುಡುವ ಬೀದಿಯಲ್ಲಿ ಉಳಿದದ್ದು ಬೂಟು ಪಾಲಿಶ್ ಮಾಡಿಸಿಕೊಳ್ಳುತ್ತ ಅಲುಗಾಡದೆ ನಿಂತ ಒಬ್ಬ ಮಾತ್ರ. ಅಂಥ ಚಿತ್ರಗಳನ್ನು ನೋಡಿ ನೋಡಿ ಬೆಟ್ಟದೂರು ಎಂದರೆ ಮೌನ, ಹಳೆಯದು ಎಂದರೆ ಶಾಂತಿ ಎಂದು ನಾವು ಕಲಿತೆವು. ಊರು ಬಿಟ್ಟವರಿಗೆ ಅದು ಇನ್ನೂ ಅನುಕೂಲ. ನಾವು ಬಿಟ್ಟುಬಂದ ಊರು ನಾವು ಬರುವ ಮೊದಲೂ ಆಮೇಲೂ ಸುಮ್ಮನೆ ಮಂಜಿನಲ್ಲಿ ಕೂತಿರಬೇಕು, ನಮಗಾಗಿ ಕಾಯುತ್ತಿರಬೇಕು.

ದೊಡ್ಡಪ್ಪ ಹೇಳಿದ್ದನ್ನು ಉತ್ಸಾಹದಿಂದ ಗುಂಪಿನಲ್ಲಿ ಬರೆದೆ. ಶೀರ್ಷಿಕೆ ಬದಲಿಸಿದೆ: 'ಮಡಿಕೇರಿ, 1952. ಎಡ ಗೋಡೆಯ ಮೇಲೆ ಆ ಚುನಾವಣೆಯ ಎರಡು ಗುರುತುಗಳು: ಮೈಸೂರಿನೊಂದಿಗೆ ಸೇರಬೇಕೆಂದವರ ಜೋಡೆತ್ತು, ಬೇಡವೆಂದವರ ತಕ್ಕಡಿ.' ಈ ಸಲ ಚಪ್ಪಾಳೆ ಬರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ನಮ್ಮಲ್ಲೇ ಹಿರಿಯರೊಬ್ಬರು ಬೇರೆಯಾಗಿ ಫೋನ್ ಮಾಡಿದರು. ಒಳ್ಳೆಯವರು. ನಾನು ಈ ಊರಿಗೆ ಬಂದಾಗ ಮನೆ ಹುಡುಕಿಕೊಟ್ಟವರು. 'ತಪ್ಪು ತಿಳ್ಕೋಬೇಡಿ. ರಾಜ್ಯೋತ್ಸವದ ದಿನ ರಾಜ್ಯ ಬೇಡ ಅಂದವರ ಚಿಹ್ನೆ ಯಾಕೆ? ಎಡಗಡೆ ಗೋಡೆ ಒಂದಿಷ್ಟು ಕಟ್ ಮಾಡಿ ಕೊಡಿ, ಫೋಟೊ ಹಾಗೇನೇ ಚೆನ್ನಾಗಿದೆ. ಮಂಜು, ರಸ್ತೆ ಸಾಕಲ್ಲ?'

ಅವರ ಮಾತಿನಲ್ಲಿ ಸತ್ಯವಿಲ್ಲ ಎಂದು ಹೇಳಲಾರೆ. ಇವತ್ತಿಗೂ ಕೊಡಗಿನಲ್ಲಿ ಸ್ವಾಯತ್ತತೆಯ ಬೇಡಿಕೆ ಇದೆ. ಆ ಮಾತು ಬಂದಾಗ ಹೊರಗಿನ ಕನ್ನಡಿಗರು ಒಂಥರಾ ಮುದುಡಿಕೊಳ್ಳುತ್ತಾರೆ. ಪರವೂರಿನಲ್ಲಿ ವರ್ಷಕ್ಕೊಂದು ದಿನ ಸೇರುವವರಿಗೆ ಅಂದು ಜಗಳ ಬೇಡ ಅನ್ನಿಸುವುದು ಸಹಜ. ನನ್ನ ಅಭಿಪ್ರಾಯ ಕೇಳಿದರೆ, ಕೊಡಗು ಕರ್ನಾಟಕಕ್ಕೆ ಸೇರಿದ್ದು ಒಳ್ಳೆಯದಾಯಿತು ಎನ್ನುವವನು ನಾನು. ಕನ್ನಡ ಶಾಲೆಯಲ್ಲಿ ಓದಿ, ಮೈಸೂರಿನಲ್ಲಿ ಡಿಗ್ರಿ ಮಾಡಿ, ಆ ಡಿಗ್ರಿಯಿಂದಲೇ ಇಲ್ಲಿ ಅನ್ನ ತಿನ್ನುತ್ತಿರುವವನು.

ಆದರೂ ಗೋಡೆ ಕತ್ತರಿಸಲು ನನ್ನ ಮನಸ್ಸು ಒಪ್ಪಲಿಲ್ಲ. 24ರಲ್ಲಿ 9 ಎಂದರೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು. ಅವರು ಹೊರಗಿನಿಂದ ಬಂದವರಲ್ಲ. ಅದೇ ಬೀದಿಯಲ್ಲಿ ಉಪ್ಪು-ಬೆಲ್ಲ ಕೊಂಡವರು, ದಸರಾದಲ್ಲಿ ಅದೇ ಮಂಟಪಗಳ ಹಿಂದೆ ರಾತ್ರಿಯಿಡೀ ನಡೆದವರು. ದೊಡ್ಡ ರಾಜ್ಯದಲ್ಲಿ ನಮ್ಮ ಪುಟ್ಟ ಊರು ಕಳೆದುಹೋದರೆ ಎಂಬ ಅವರ ಭಯ ಹುಚ್ಚು ಭಯವೂ ಆಗಿರಲಿಲ್ಲ. ಒಪ್ಪದಿದ್ದವರು ಸೋತ ಮೇಲೆ ಏನು ಮಾಡಿದರು? ಅದೇ ಬೀದಿಯಲ್ಲಿ ಅಂಗಡಿ ತೆರೆದರು, ಮಕ್ಕಳನ್ನು ಕನ್ನಡ ಶಾಲೆಗೆ ಕಳಿಸಿದರು, ಮುಂದಿನ ಚುನಾವಣೆಗಳಲ್ಲಿ ಓಟು ಹಾಕಿದರು. ರಾಜ್ಯ ಉಳಿದದ್ದು ಇಂಥವರಿಂದಲೂ ಹೌದು. ಬೇಡ ಎಂದವರೂ ಜೊತೆಗೆ ಬಂದರು ಎಂಬುದು ಕರ್ನಾಟಕಕ್ಕೆ ಹೆಮ್ಮೆಯ ಸಂಗತಿಯಾಗಬೇಕು. ಮುಚ್ಚಿಡುವಂಥದ್ದು ಅದರಲ್ಲಿ ಏನಿದೆ?

ಆಂಧ್ರದಲ್ಲಿ ಇಷ್ಟು ವರ್ಷ ಇದ್ದು ಈ ವಿಷಯದಲ್ಲಿ ನಾನು ಒಂದು ಕಲಿತಿದ್ದೇನೆ. ಈ ರಾಜ್ಯ ಹುಟ್ಟಿದ್ದೂ 1956ರ ಅದೇ ನವೆಂಬರ್ 1ರಂದು. ಅದಕ್ಕೂ ಮೊದಲು, ಪೊಟ್ಟಿ ಶ್ರೀರಾಮುಲು ಉಪವಾಸದಲ್ಲಿ ತೀರಿಕೊಂಡ ಮೇಲೆ, 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾಗಿತ್ತು. ನಮ್ಮ ಗುಂಪಿನ ಬಳ್ಳಾರಿಯವರ ಮನೆಗೆ ಮೈಸೂರು ಬಂದದ್ದು, ಪಕ್ಕದ ರಾಯದುರ್ಗ ಆಂಧ್ರಕ್ಕೆ ಹೋದದ್ದು ಅದೇ ದಿನ. 2014ರಲ್ಲಿ ತೆಲಂಗಾಣ ಬೇರೆಯಾಯಿತು, ಹೈದರಾಬಾದ್ ಕೈಬಿಟ್ಟಿತು. ರಾಜಧಾನಿ ವಿಜಯವಾಡದ ಪಕ್ಕದ ಅಮರಾವತಿಯೋ, ವಿಶಾಖಪಟ್ಟಣವೋ ಎಂಬ ಜಗಳ ನಮ್ಮ ಕ್ಯಾಂಟೀನಿನಲ್ಲಿ ವರ್ಷಗಟ್ಟಲೆ ನಡೆದಿದೆ. ರತ್ನಾಚಲ್ ಎಕ್ಸ್‌ಪ್ರೆಸ್‌ನಲ್ಲಿ ಹತ್ತಿ ವಿಜಯವಾಡಕ್ಕೆ ಹೋಗುವಾಗ ತುನಿ ದಾಟುವುದರೊಳಗೆ ಯಾರಾದರೂ ಈ ಮಾತು ತೆಗೆದೇ ತೆಗೆಯುತ್ತಾರೆ. ಕೂಗಾಡುತ್ತಾರೆ, ಆಮೇಲೆ ಪುಳಿಹೋರ ಹಂಚಿಕೊಳ್ಳುತ್ತಾರೆ. ಸೇರುವುದು, ಬೇರೆಯಾಗುವುದು ಇವರಿಗೆ ಗುಟ್ಟಿನ ಮಾತಲ್ಲ. ನಾವು ಮಾತ್ರ ನಮ್ಮ ರಾಜ್ಯ ಎಲ್ಲರೂ ಕೈ ಎತ್ತಿ ಒಪ್ಪಿ ಹುಟ್ಟಿದ್ದು ಎಂಬಂತೆ ಭಾಷಣ ಮಾಡುತ್ತೇವೆ.

ಇದೇ ವಿಜಯವಾಡದಿಂದ ಬಂದ ಒಬ್ಬ ಸಹೋದ್ಯೋಗಿ ಈ ಫೋಟೊದಲ್ಲಿ ನಮಗ್ಯಾರಿಗೂ ಕಾಣದ ಇನ್ನೊಂದನ್ನು ಕಂಡಳು. ಆಕೆಯ ತಾಯಿಯ ಮನೆ ಅಲ್ಲಿ ಗುಡ್ಡದ ಮೇಲಿದೆ, ಮೆಟ್ಟಿಲು ಹತ್ತಿ ನೀರಿನ ಕ್ಯಾನ್ ಒಯ್ಯಬೇಕು. ಊಟೀ ಗೀಟೀ ಅನ್ನಲಿಲ್ಲ. ಫೋಟೊದ ಹತ್ತಿರ ಹೋಗಿ, 'ಸಾರ್, ಈ ಗುಡ್ಡದ ಮೇಲೆ ಮನೆಯೇ ಇಲ್ಲವಲ್ಲ' ಎಂದಳು. ಆಮೇಲೆ ರಸ್ತೆ ಬದಿಯ ಕಲ್ಲಿನ ಚರಂಡಿಯ ಮೇಲೆ ಬೆರಳಿಟ್ಟು, 'ಎಷ್ಟು ಅಗಲ!' ಎಂದಳು. 2024ರ ಆಗಸ್ಟ್ 31ರಂದು ವಿಜಯವಾಡದ ಮೊಗಲ್‌ರಾಜಪುರದಲ್ಲಿ ಮಳೆಗೆ ಗುಡ್ಡ ಕುಸಿದು ಜನ ಸತ್ತಿದ್ದರು. ಅವಳ ಕಣ್ಣು ಮೊದಲು ಇಳಿಜಾರಿಗೇ ಹೋಗುತ್ತದೆ. ನಾನು 2018ರ ಆಗಸ್ಟ್ ನೆನೆದುಕೊಂಡೆ. ಮಕ್ಕಂದೂರು, ಜೋಡುಪಾಲ, ಮೊಣ್ಣಂಗೇರಿ, ಮಡಿಕೇರಿಯೊಳಗೇ ಮಂಗಳಾದೇವಿ ನಗರ, ಇಂದಿರಾ ನಗರ. ಎರಡಂತಸ್ತಿನ ಮನೆಯೊಂದು ಜಾರಿ ಇಳಿಯುವ ವಿಡಿಯೊವನ್ನು ನಾನು ಇಲ್ಲಿ, ಇದೇ ಹಾಲ್‌ನಲ್ಲಿ, ಇದೇ ಫೋಟೊದ ಕೆಳಗೆ ಕೂತು ನೋಡಿದ್ದೆ. ಇಳಿಜಾರನ್ನು ಬೇಕಾಬಿಟ್ಟಿ ಕಡಿದದ್ದೂ ಕಾರಣ ಎಂದು ಭೂಗರ್ಭ ತಜ್ಞರು ಆಗ ಹೇಳಿದರು. ಕಡಿಯದ ಇಳಿಜಾರು ಹೇಗಿರುತ್ತದೆ ಎಂಬುದಕ್ಕೆ ಸಾಕ್ಷಿ ನನ್ನ ತಲೆಯ ಮೇಲೇ ತೂಗುತ್ತಿತ್ತು. ನಾನು ಮಂಜು ನೋಡುತ್ತಿದ್ದೆ.

ಹಳೆಯ ಫೋಟೊ ನೋಡಿದಾಗ ಅದು ಏನನ್ನು ಸೂಚಿಸುತ್ತದೆ, ಯಾವುದರ ಸಂಕೇತ ಎಂದು ಹೇಳಲು ನಮಗೆಲ್ಲ ಆತುರ. ಕಳೆದುಹೋದ ಕಾಲ, ತವರು, ಬಾಲ್ಯ. ಈ ಫೋಟೊದಲ್ಲಂತೂ ನಿಜವಾದ ಸಂಕೇತಗಳನ್ನೇ ಬಣ್ಣದಲ್ಲಿ ಬರೆದಿಟ್ಟಿದ್ದರು, ಓದು ಬಾರದವರಿಗೂ ಅರ್ಥವಾಗಲಿ ಎಂದು ಬರೆದದ್ದು. ಓದು ಬಂದ ನಮಗೆ ಅವು ಅಂಗಡಿ ಬೋರ್ಡಾಗಿ ಕಂಡವು. ಈಗ ಗೊತ್ತಾದ ಮೇಲೆ ಕತ್ತರಿಸಿ ಎನ್ನುತ್ತಿದ್ದೇವೆ. ಮೊದಲನೆಯದು ಅಜ್ಞಾನ, ಅದಕ್ಕೆ ಕ್ಷಮೆ ಇದೆ.

ಪರವೂರಿನಲ್ಲಿ ಬೆಳೆಯುವ ನಮ್ಮ ಮಕ್ಕಳ ವಿಷಯವೂ ಇದೆ. ನನ್ನ ಮಗಳು ಇಲ್ಲಿಯೇ ಹುಟ್ಟಿದವಳು, ತೆಲುಗು ಅವಳ ಆಟದ ಭಾಷೆ. ಮಡಿಕೇರಿ ಅವಳಿಗೆ ರಜೆಯ ಊರು, ಕಾಫಿ, ಜೇನು, ರಾಜಾಸೀಟ್. ಮಂಜಿನ ಫೋಟೊ ತೋರಿಸಿದರೆ ಅವಳಿಗೆ ಸಿಗುವುದು ಪ್ರವಾಸಿಯ ಊರೇ. ತಕ್ಕಡಿಯ ಕಥೆ ಹೇಳಿದ ದಿನ ಅವಳು ಮೊದಲ ಸಲ ಒಂದು ಪ್ರಶ್ನೆ ಕೇಳಿದಳು: 'ಮುತ್ತಜ್ಜ ಯಾವ ಪೆಟ್ಟಿಗೆಗೆ ಹಾಕಿದ್ರು?' ಊರಿನ ಬಗ್ಗೆ ಒಂದು ಪ್ರಶ್ನೆ ಹುಟ್ಟಿತಲ್ಲ, ಅದು ದೊಡ್ಡದು ಎನ್ನಿಸಿತು.

ಉತ್ತರ ನನಗೆ ಗೊತ್ತಿರಲಿಲ್ಲ. ದೊಡ್ಡಪ್ಪನಿಗೆ ಫೋನ್ ಹಚ್ಚಿ ಅವಳ ಕೈಗೇ ಕೊಟ್ಟೆ. ಅವರು ನಕ್ಕರಂತೆ. 'ಅದನ್ನ ನಿಮ್ಮ ಮುತ್ತಜ್ಜ ಮುತ್ತಜ್ಜಿಗೂ ಹೇಳಿರಲಿಲ್ಲ ಪುಟ್ಟಾ. ಅಂಗಡಿ ಇಟ್ಟವರು. ಎತ್ತಿನವರಿಗೂ ಸಾಲ ಕೊಟ್ಟಿದ್ರು, ತಕ್ಕಡಿಯವರಿಗೂ ಕೊಟ್ಟಿದ್ರು.' ತಾನಂತೂ ಎರಡೂ ಕಡೆಯ ಮೆರವಣಿಗೆಯಲ್ಲಿ ಕೂಗಿದ್ದೆ, ಯಾರು ಪೆಪ್ಪರ್‌ಮಿಂಟ್ ಕೊಟ್ಟರೆ ಅವರ ಕಡೆ ಎಂದರಂತೆ.

ಗುಂಪಿನ ಹಿರಿಯರಿಗೆ ಮರುದಿನ ಫೋನ್ ಮಾಡಿದೆ. ಫೋಟೊ ಕೊಟ್ಟರೆ ಇಡಿಯಾಗಿ ಕೊಡುತ್ತೇನೆ, ಇಲ್ಲದಿದ್ದರೆ ಮನೆಯಲ್ಲೇ ಇರಲಿ, ಬೇಸರವಿಲ್ಲ ಎಂದೆ. ಕೊಟ್ಟರೆ ಶೀರ್ಷಿಕೆಯಲ್ಲಿ 15 ಮತ್ತು 9 ಎರಡೂ ಇರುತ್ತವೆ, 1956 ಕೂಡ ಇರುತ್ತದೆ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. 'ಧಾರವಾಡದ ಫೋಟೊದಲ್ಲಿ ಏನೇನಿದೆಯೋ, ಅದನ್ನೂ ಸರಿಯಾಗಿ ನೋಡಬೇಕಾಗುತ್ತಲ್ಲ ಹಾಗಾದ್ರೆ' ಎಂದರು. ಹೌದು ಎಂದಲ್ಲ, ಇಲ್ಲ ಎಂದೂ ಅಲ್ಲ. ಇದನ್ನು ಬರೆಯುವ ಹೊತ್ತಿಗೆ ವಿಷಯ ಅಲ್ಲಿಗೇ ನಿಂತಿದೆ.

ದೊಡ್ಡಪ್ಪನಿಗೂ ಒಂದು ಪ್ರಿಂಟ್ ಬೇಕಂತೆ. ದೊಡ್ಡದು ಹಾಕಿಸು, ಮಂಜು ಗಿಂಜು ಇಲ್ಲದಿದ್ದರೂ ಪರವಾಗಿಲ್ಲ, ಎಡಗಡೆಯ ಗೋಡೆ ಮಾತ್ರ ಪೂರ್ತಿ ಬರಲಿ ಎಂದಿದ್ದಾರೆ. ಎತ್ತಿನ ಚಿತ್ರದ ಕೆಳಗೆ, ಚರಂಡಿಯ ಕಲ್ಲಿನ ಮೇಲೆ ಒಬ್ಬ ಹುಡುಗ ಕೂತಿದ್ದಾನೆ. ಮುಖ ಸರಿಯಾಗಿ ಕಾಣುವುದಿಲ್ಲ. ಅದು ತಾನೋ ಅಲ್ಲವೋ ನೋಡಬೇಕಂತೆ.